ನೋ ಡಯಲ್‌ಟೋನ್

ಗಡಹಿಂಗ್ಲಜದಲ್ಲಿ ನಮ್ಮ ಕಾಕಾರ ಅಡತಿ ಅಂಗಡಿಯ ಕಂಪ್ಯೂಟರಿನ ಹಣೆಗೆ ಒಂದು ಚೀಟಿ ಅಂಟಿಸಿತ್ತು. ಖಂಡೇನವಮಿಗೆ ಹಚ್ಚಿದ ಅರಿಶಿನ ಕುಂಕುಮದ ಪಕ್ಕದಲ್ಲೇ, ಹಳದಿಗಟ್ಟಿದ ಟೇಪಿನ ಕೆಳಗೆ, ಬಾಲ್‌ಪೆನ್ನಿನಲ್ಲಿ ಬರೆದ ಇಂಗ್ಲಿಷಿನ ದೊಡ್ಡಕ್ಷರಗಳು: ಎಟಿ&ಎಫ್ ಎಕ್ಸ್3 ಎಸ್7=90 ಡಿಪಿ 0,231. ಅದರ ಮುಂದೆ ಕೊಲ್ಹಾಪುರದ ಶಾಹುಪುರಿಯ ಒಂದು ಆರಂಕಿಯ ನಂಬರು. ಡಿಪಿಯಲ್ಲಿನ ಪಿ ಮೇಲೆ ಗೀಟು ಎಳೆದು ಟಿ ಎಂದು ತಿದ್ದಿದ್ದು ಬೇರೆ ಶಾಯಿಯಲ್ಲಿ. ಅಂಗಡಿಗೆ ಬಂದ ರೈತರು ಅದನ್ನು ಯಾವುದೋ ಯಂತ್ರ ಅಂತ ತಿಳಿದಿದ್ದರು. ಒಬ್ಬ ಅಜ್ಜ, ‘ಯಾವ ಸ್ವಾಮಿ ಬರೆದುಕೊಟ್ಟಾರು’ ಅಂತ ಕೇಳಿಯೂ ಇದ್ದ.

ಇದು 1997ರ ಮಾತು. ಬೆಲ್ಲ ಮತ್ತು ಮೆಣಸಿನಕಾಯಿಯ ವ್ಯಾಪಾರ. ಮನೆಯಲ್ಲಿ ಕನ್ನಡ, ಗಲ್ಲೆಯ ಮೇಲೆ ಮರಾಠಿ, ಕಿರ್ದಿ-ಖತಾವಣಿ ಎರಡರ ಬೆರಕೆ. ಕೊಲ್ಹಾಪುರದಲ್ಲಿ ಕಾಕಾರ ಬೀಗರ ಇನ್ನೊಂದು ಅಂಗಡಿ. ದಿನದ ಲಿಲಾವು ಮುಗಿದ ಮೇಲೆ ಇಲ್ಲಿನ ಲೆಕ್ಕ ಅಲ್ಲಿಗೆ, ಅಲ್ಲಿನ ದರ ಇಲ್ಲಿಗೆ ಬರಬೇಕು. ಮೊದಲು ಈ ಕೆಲಸ ಎಸ್‌ಟಿ ಬಸ್ಸಿನ ಕಂಡಕ್ಟರು ಮಾಡುತ್ತಿದ್ದ. ಫ್ಲಾಪಿಯನ್ನು ಪಾಕೀಟಿನಲ್ಲಿ ಹಾಕಿ ಅವನ ಕೈಗೆ ಕೊಟ್ಟರೆ, ಬಸ್ಸು ಸಂಕೇಶ್ವರ, ನಿಪ್ಪಾಣಿ ಮೇಲೆ ಹಾದು, ಅಂದರೆ ಮಹಾರಾಷ್ಟ್ರದಿಂದ ಹೊರಟು ಕರ್ನಾಟಕ ಹೊಕ್ಕು ಮತ್ತೆ ಮಹಾರಾಷ್ಟ್ರಕ್ಕೆ ಬಿದ್ದು, ಕೊಲ್ಹಾಪುರ ಮುಟ್ಟುತ್ತಿತ್ತು. ಬೇಸಗೆಯಲ್ಲಿ ಎಂಜಿನ್ನಿನ ಪಕ್ಕ ಇಟ್ಟ ಫ್ಲಾಪಿ ಬಾಗಿಹೋಗುತ್ತಿತ್ತು. ಆಗ ಬಂತು ಮೋಡೆಮ್. ಸಿಗರೇಟು ಪಾಕೀಟಿಗಿಂತ ಸ್ವಲ್ಪ ದೊಡ್ಡ ಡಬ್ಬಿ, ಮುಂದೆ ಸಾಲಾಗಿ ಕೆಂಪು ದೀಪ.

ಡಬ್ಬಿ ತಂದವರು ಪೆಟ್ಟಿಗೆ ಬಿಚ್ಚಿ ತಂತಿ ಜೋಡಿಸಿ ಹೋದರು. ಅದು ಮಾತ್ರ ಒಂದೇ ಮಾತು ಆಡಿತು: ನೋ ಡಯಲ್‌ಟೋನ್. ಫೋನಿನ ರಿಸೀವರ್ ಎತ್ತಿ ಕಿವಿಗೆ ಹಿಡಿದರೆ ಟೋನು ಗುಂಯ್ ಅನ್ನುತ್ತಲೇ ಇದೆ. ನಮಗೆ ಕೇಳುವ ಟೋನು ಡಬ್ಬಿಗೆ ಕೇಳುವುದಿಲ್ಲ. ಆ ಚೀಟಿಯ ಒಂದೊಂದು ಅಕ್ಷರ ಹುಟ್ಟಿದ್ದು ಇಂಥ ಒಂದೊಂದು ಜಗಳದಿಂದ. ಈಗ ತಿರುಗಿ ಓದಿದರೆ ನಮ್ಮ ಗಡಿಸೀಮೆಗೆ ಫೋನಿನ ತಂತಿ ಹೇಗೆ ಬಂತೆಂಬ ಕತೆಯೇ ಅದರಲ್ಲಿ ಬರೆದಂತಿದೆ.

ಮೊದಲಿನ ಎರಡಕ್ಷರ ಅಮೆರಿಕದ್ದು. ಅಟ್ಲಾಂಟಾ ಸೀಮೆಯ ಡೆನ್ನಿಸ್ ಹೇಯ್ಸ್ ಮತ್ತು ಡೇಲ್ ಹೆದರಿಂಗ್ಟನ್ ಎಂಬ ಇಬ್ಬರು 1981ರಲ್ಲಿ ಸ್ಮಾರ್ಟ್‌ಮೋಡೆಮ್ ಎಂಬ ಡಬ್ಬಿಯನ್ನು ಮಾರಾಟಕ್ಕೆ ತಂದರು. ಸೆಕೆಂಡಿಗೆ 300 ಬಿಟ್ ಅದರ ವೇಗ. ಅಕ್ಷರಗಳು ಪರದೆಯ ಮೇಲೆ ಮೂಡುವುದನ್ನು ಆರಾಮಾಗಿ ಓದುತ್ತ ಹೋಗಬಹುದು, ಅಷ್ಟು ನಿಧಾನ. ಅದಕ್ಕೂ ಮುಂಚಿನ ಎಷ್ಟೋ ಮೋಡೆಮ್‌ಗಳಿಗೆ ಮನುಷ್ಯನೇ ನಂಬರು ತಿರುಗಿಸಿ ರಿಸೀವರನ್ನು ರಬ್ಬರಿನ ಎರಡು ಬಟ್ಟಲಲ್ಲಿ ಮಲಗಿಸಬೇಕಿತ್ತು. ಇವರ ಡಬ್ಬಿಗೆ ಕಂಪ್ಯೂಟರಿನಿಂದಲೇ ಅಕ್ಷರ ಬರೆದು ‘ಈ ನಂಬರಿಗೆ ಹಚ್ಚು’, ‘ಇಟ್ಟುಬಿಡು’ ಎಂದು ಹೇಳಬಹುದಿತ್ತು. ಆಜ್ಞೆಯ ಸಾಲು ಎಟಿ ಎಂದೇ ಶುರುವಾಗಬೇಕು. ಅಟೆನ್ಶನ್ ಎನ್ನುವುದರ ಮೊಟಕು ರೂಪ. ನಮ್ಮ ಕಡೆ ‘ಏ, ಇಲ್ಲಿ ಕೇಳು’ ಅಂದಂತೆ.

ಆದರೆ ಈ ಎರಡಕ್ಷರವನ್ನೇ ಆರಿಸಿದ್ದಕ್ಕೆ ಇನ್ನೊಂದು ಲಾಭವಿತ್ತು. ನನಗೆ ಅದು ತಿಳಿದದ್ದು ಬಹಳ ತಡವಾಗಿ, ತಿಳಿದಾಗ ಆ ಇಬ್ಬರಿಗೆ ಕೈಮುಗಿಯಬೇಕು ಅನಿಸಿತು. ಕಂಪ್ಯೂಟರು ಎಷ್ಟು ವೇಗದಲ್ಲಿ ಮಾತಾಡುತ್ತಿದೆ ಎಂಬುದು ಮೋಡೆಮಿಗೆ ಮೊದಲು ಗೊತ್ತಿರುವುದಿಲ್ಲ. ಇಂಗ್ಲಿಷಿನ ದೊಡ್ಡ ಎ ಅಕ್ಷರ ತಂತಿಯ ಮೇಲೆ ಬರುವಾಗ ಆರಂಭದ ಸೊನ್ನೆಯ ಹಿಂದೆಯೇ ಒಂದು ‘1’ ಬರುತ್ತದೆ. ಆ ಸೊನ್ನೆ ಎಷ್ಟು ಹೊತ್ತು ನಿಂತಿತು ಎಂದು ಅಳೆದರೆ ವೇಗ ಸಿಕ್ಕಿತು. ಇನ್ನು ಎ ಅಕ್ಷರದಲ್ಲಿ ಎರಡು ‘1’ಗಳು, ಟಿ ಅಕ್ಷರದಲ್ಲಿ ಮೂರು. ಒಂದು ಸಮ, ಒಂದು ಬೆಸ. ಇವೆರಡರ ಜೊತೆ ಬರುವ ತಾಳೆಯ (ಪ್ಯಾರಿಟಿ) ಬಿಟ್ ನೋಡಿದರೆ ಕಂಪ್ಯೂಟರು ಸಮ ತಾಳೆ ಹಿಡಿದಿದೆಯೋ ಬೆಸ ತಾಳೆಯೋ ಅದೂ ತಿಳಿಯಿತು. ಕರೆಯುವ ಕೂಗಿನಲ್ಲೇ ಕರೆಯುವವನ ಪರಿಚಯ. ನಮ್ಮ ಅಂಗಡಿಯ ಮುನೀಮರು ಶಾಲೆಯಲ್ಲಿ ಕಲಿತ ಶಿಸ್ತಿಗೆ ತಕ್ಕಂತೆ ಮೊದಲ ಅಕ್ಷರ ಮಾತ್ರ ದೊಡ್ಡದು, ಮುಂದಿನದು ಚಿಕ್ಕದು ಮಾಡಿ ಟೈಪು ಮಾಡುತ್ತಿದ್ದರು. ಡಬ್ಬಿ ಮಿಸುಕುತ್ತಿರಲಿಲ್ಲ. ಚಿಕ್ಕ ಟಿಯಲ್ಲಿ ನಾಲ್ಕು ‘1’ಗಳು, ಎರಡೂ ಸಮವಾದರೆ ತಾಳೆ ಹೇಗೆ ಸಿಕ್ಕೀತು? ಎರಡೂ ದೊಡ್ಡದಿರಬೇಕು, ಇಲ್ಲವೆ ಎರಡೂ ಚಿಕ್ಕದು. ಮುನೀಮರಿಗೆ ಕಾರಣ ಹೇಳುವವರು ಯಾರೂ ಇರಲಿಲ್ಲ. ‘ಇದಕ್ಕ ಸೊಕ್ಕು ಭಾಳ’ ಅಂದು ಕ್ಯಾಪ್ಸ್ ಲಾಕ್ ಒತ್ತಿಯೇ ಕೂತರು.

&ಎಫ್ ಅಂದರೆ ಕಾರ್ಖಾನೆಯಿಂದ ಬಂದ ದಿನ ಹೇಗಿದ್ದೆಯೋ ಹಾಗಾಗು. ಅದನ್ನು ಬಿಟ್ಟು ಎಕ್ಸ್3ಕ್ಕೆ ಬರೋಣ, ಜಗಳ ಇದ್ದದ್ದು ಅಲ್ಲಿ.

ಅಮೆರಿಕದ ಫೋನಿನಲ್ಲಿ ಕೇಳುವ ಡಯಲ್ ಟೋನು 350 ಮತ್ತು 440 ಹರ್ಟ್ಸ್‌ನ ಎರಡು ಸ್ವರಗಳ ಜೋಡಿ. ನಮ್ಮ ದೇಶದ್ದು ಬೇರೆ: 400 ಹರ್ಟ್ಸ್‌ನ ಒಂದೇ ಸ್ವರ, ಅದರ ಮೇಲೆ 25 ಹರ್ಟ್ಸ್‌ನ ನಡುಕ. ಅದಕ್ಕೇ ನಮ್ಮ ಟೋನು ಮೊರೆದಂತೆ ಕೇಳುತ್ತಿತ್ತು. ಅಮೆರಿಕದ ಕಿವಿ ಇಟ್ಟುಕೊಂಡು ಹುಟ್ಟಿದ ಎಷ್ಟೋ ಮೋಡೆಮ್‌ಗಳಿಗೆ ಈ ಮೊರೆತ ಟೋನು ಅನಿಸುತ್ತಲೇ ಇರಲಿಲ್ಲ. ಎಕ್ಸ್4 ಅವುಗಳ ಹುಟ್ಟುಗುಣ: ಟೋನು ಕೇಳಿದರೆ ಮಾತ್ರ ನಂಬರು ತಿರುಗಿಸು, ಎಂಗೇಜ್ ಇದ್ದರೆ ಹೇಳು. ಎಕ್ಸ್3 ಅಂದರೆ ಟೋನಿನ ಗೊಡವೆ ಬೇಡ, ಎರಡು ಸೆಕೆಂಡು ಸುಮ್ಮನಿದ್ದು ಕುರುಡಾಗಿ ತಿರುಗಿಸು. ಎಂಗೇಜ್ ಇದ್ದರೆ ಮಾತ್ರ ತಿಳಿಸು. ಮುಂದೆ ವಿಂಡೋಸ್‌ನಲ್ಲಿ ಇದೇ ಮಾತು ಒಂದು ಚೌಕದ ರೂಪದಲ್ಲಿ ಬಂತು, ಟೋನಿಗಾಗಿ ಕಾಯಬೇಕೇ ಎಂದು. ದೇಶದ ತುಂಬ ಅದೆಷ್ಟು ಜನ ಆ ಚೌಕದ ಗುರುತು ತೆಗೆದು ‘ರಿಪೇರಿ ಆಯಿತು’ ಎಂದು ನೂರು ರೂಪಾಯಿ ಎಣಿಸಿಕೊಂಡಿದ್ದಾರೋ! ನಾನೂ ಒಬ್ಬ. ಕಾಕಾರ ಕಡೆ ಅಲ್ಲ, ಇಚಲಕರಂಜಿಯಲ್ಲಿ.

ಇನ್ನು ಡಿಪಿ. ಅದರಲ್ಲಿನ ಪಿ ಅಂದರೆ ಪಲ್ಸ್. ತಂತಿಯನ್ನು ಸೆಕೆಂಡಿಗೆ ಹತ್ತು ಸಲ ಕಡಿದು ಕೂಡಿಸಿ ಅಂಕಿ ಹೇಳುವ ಪದ್ಧತಿ. ಮೂರಕ್ಕೆ ಮೂರು ಸಲ, ಸೊನ್ನೆಗೆ ಹತ್ತು ಸಲ. 0231 ತಿರುಗಿಸಿದರೆ ಮೋಡೆಮಿನ ಹೊಟ್ಟೆಯಲ್ಲಿನ ರಿಲೇ ಹದಿನಾರು ಸಲ ಟಕಟಕ ಅನ್ನಬೇಕು. ಅಮೆರಿಕದ ಹೆಣ ಹೂಳುವ ಕಸುಬಿನ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಮೆಟ್ಟಿಲುಮೆಟ್ಟಿಲಾಗಿ ಏರುವ ಸ್ವಿಚ್ಚುಗಳ ಕಾಲದ ಭಾಷೆ ಅದು. ಭಾರತದ ಮೊದಲ ತಾನೇತಾನಾಗಿ ಜೋಡಿಸುವ ಎಕ್ಸ್‌ಚೇಂಜ್ 1913-14ರಲ್ಲಿ ಸಿಮ್ಲಾದಲ್ಲಿ ಬಂತು, ದೊರೆಗಳು ಬೇಸಗೆ ಕಳೆಯುತ್ತಿದ್ದ ಊರು. ಗಡಹಿಂಗ್ಲಜ, ಆಜರಾ, ಚಂದಗಡದ ಕಡೆಯ ಹಳ್ಳಿಗಳಿಗೆ ತಂತಿ ಬಂದದ್ದು ಎಷ್ಟೋ ದಶಕ ಕಳೆದ ಮೇಲೆ. ಹಿರಿಯರ ಬಾಯಲ್ಲಿ ಈಗಲೂ ಫೋನು ಅಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕೂತು ಕಾಯುವುದು.

ಇದನ್ನು ಬದಲಿಸಿದ ಯಂತ್ರ ಮೊದಲು ಕೂತದ್ದು ಮಾತ್ರ ನಮ್ಮ ಪಕ್ಕದಲ್ಲೇ. ಸ್ಯಾಮ್ ಪಿತ್ರೋಡಾ ಅವರ ಮುಂದಾಳುತನದಲ್ಲಿ 1984ರ ಆಗಸ್ಟ್‌ನಲ್ಲಿ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ, ಅಷ್ಟರಲ್ಲಿ ದೇಶದ್ದೇ ಆದ ಡಿಜಿಟಲ್ ಎಕ್ಸ್‌ಚೇಂಜ್ ಮಾಡಿ ತೋರಿಸುತ್ತೇವೆ ಎಂಬುದು ಅವರ ಮಾತು. ಹಳ್ಳಿಗಾಗಿ ಅವರು ಮಾಡಿದ 128 ಪೋರ್ಟಿನ ಚಿಕ್ಕ ಎಕ್ಸ್‌ಚೇಂಜ್ 1986ರ ಜುಲೈಯಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ನಿಂತದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹೌದು, ಚೆನ್ನಮ್ಮನ ಕಿತ್ತೂರು. ಎಸಿ ಬೇಡ, ಧೂಳು ಸೆಕೆಗೆ ಜಗ್ಗಬಾರದು ಎಂಬುದು ಅದನ್ನು ಕಟ್ಟಿದವರ ಹಟ. ಕಪಾಟಿನ ಗಾತ್ರದ ಆ ಪೆಟ್ಟಿಗೆ ಮುಂದಿನ ಹತ್ತು ವರ್ಷಗಳಲ್ಲಿ ದೇಶದ ಸಾವಿರಾರು ಹಳ್ಳಿಗಳಲ್ಲಿ, ಪಂಚಾಯ್ತಿ ಕಚೇರಿಯ ಪಕ್ಕದ ಒಂಟಿ ಕೋಣೆಗಳಲ್ಲಿ ಹೋಗಿ ಕೂತಿತು. ಹಳದಿ ಫಲಕದ ಎಸ್‌ಟಿಡಿ-ಪಿಸಿಓಗಳು ಅದರ ಹಿಂದೆ ಬಂದವು. ನಮ್ಮ ಚೀಟಿಯ ಪಿ ಮೇಲೆ ಗೀಟು ಬಿದ್ದು ಟಿ ಆದದ್ದು, ಅಂದರೆ ಟಕಟಕ ಹೋಗಿ ಕೊಳಲಿನಂಥ ಸ್ವರ ಬಂದದ್ದು, ನಮ್ಮ ಲೈನು ಹೊಸ ಎಕ್ಸ್‌ಚೇಂಜಿಗೆ ಬದಲಾದ ವಾರದಲ್ಲಿ. ಲೈನ್‌ಮನ್ ಬಂದು ಕೈ ಒರೆಸಿಕೊಳ್ಳುತ್ತ ‘ಇನ್ನ ಮ್ಯಾಲ ಟೋನ್ ಹೊಡೀರಿ’ ಅಂದ. ಮುನೀಮರು ಪೆನ್ನು ತೆಗೆದು ಶಾಸ್ತ್ರೋಕ್ತವಾಗಿ ಗೀಟು ಎಳೆದರು.

0,231ರಲ್ಲಿ ಅಲ್ಪವಿರಾಮ ಇದೆ, ಗಮನಿಸಿ. ಅದು ಕಾಗುಣಿತದ ತಪ್ಪಲ್ಲ. ಆ ಚುಕ್ಕಿ ಕಂಡಲ್ಲಿ ಮೋಡೆಮು ಎರಡು ಸೆಕೆಂಡು ಉಸಿರು ಹಿಡಿಯುತ್ತದೆ. ಸೊನ್ನೆ ಒತ್ತಿದ ಕೂಡಲೇ ಮುಂದಿನ ಅಂಕಿ ಒತ್ತಿದರೆ ನಮ್ಮ ಲೈನಿನಲ್ಲಿ ಕರೆ ಎಲ್ಲೋ ಹೋಗುತ್ತಿತ್ತು. ಒಂದೆರಡು ಸಲ ರಾತ್ರಿ ಹನ್ನೊಂದಕ್ಕೆ ಯಾರದೋ ಮನೆಯ ಮುದುಕಿ ‘ಕೋಣ್?’ ಅಂದದ್ದೂ ಉಂಟು. ಎಸ್7=90 ಕೂಡ ಅಂಥದ್ದೇ. ಅತ್ತ ಕಡೆಯ ಮೋಡೆಮಿನ ಕೂಗಿಗೆ ಎಷ್ಟು ಸೆಕೆಂಡು ಕಾಯಬೇಕು ಎಂಬ ಲೆಕ್ಕ. ಐವತ್ತು ಅರವತ್ತು ಸೆಕೆಂಡಿಗೆ ಅದು ತಾಳ್ಮೆ ಕಳೆದುಕೊಂಡು ‘ನೋ ಕ್ಯಾರಿಯರ್’ ಎಂದು ಇಟ್ಟುಬಿಡುತ್ತಿತ್ತು. ನಮ್ಮ ಎಸ್‌ಟಿಡಿ ಕರೆ ಒಮ್ಮೊಮ್ಮೆ ಮುಟ್ಟುವಷ್ಟರಲ್ಲೇ ಅರ್ಧ ನಿಮಿಷ. ‘ತೊಂಬತ್ತು ಮಾಡು, ಮಳಿಗಾಲದಾಗ ಬೇಕಾಗ್ತದ’ ಎಂದದ್ದು ಕಾಕಾ. ಯಂತ್ರದ ಬಗ್ಗೆ ಏನೂ ಗೊತ್ತಿಲ್ಲದೆಯೂ ಅವರು ಹೇಳಿದ್ದು ಸರಿಯಾಗಿತ್ತು.

ಇನ್ನು 231. ಎಸ್‌ಟಿಡಿ ಕೋಡುಗಳ ನಕಾಶೆ ನೋಡಿದರೆ ನಮ್ಮ ಸೀಮೆಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ಕೊಲ್ಹಾಪುರ 0231, ಇಚಲಕರಂಜಿ 0230, ಗಡಹಿಂಗ್ಲಜ 02327. ಗಡಹಿಂಗ್ಲಜದಿಂದ ಸೈಕಲ್ ಹತ್ತಿ ಹೋಗಬಹುದಾದ ಸಂಕೇಶ್ವರ 08333. ಸಂತೆ ಒಂದೇ, ಮಠ ಒಂದೇ, ಹಿರಣ್ಯಕೇಶಿಯ ನೀರೂ ಒಂದೇ. ಫೋನಿನ ಲೆಕ್ಕದಲ್ಲಿ ಒಂದು ಊರು ಎರಡರ ಮನೆತನ, ಇನ್ನೊಂದು ಎಂಟರದು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಅದರ ಚಂದಗಡ ತಾಲೂಕು ಮಾತ್ರ ಮುಂಬಯಿ ರಾಜ್ಯದಲ್ಲಿ ಉಳಿದು ಕೊಲ್ಹಾಪುರ ಜಿಲ್ಲೆಗೆ ಬಂತು. ರಾಜಕಾರಣಿಗಳು ಎಳೆದ ಗೆರೆ ಮೂವತ್ತು ವರ್ಷಗಳ ಮೇಲೆ ಫೋನಿನ ಅಂಕಿಯಲ್ಲಿ ಮತ್ತೆ ಎದ್ದು ನಿಂತಿತು. ನೂಲ, ಹಲಕರ್ಣಿಯ ಕಡೆಯ ಕನ್ನಡ ಮನೆಗಳಲ್ಲಿ ಮಗಳನ್ನು ಹುಕ್ಕೇರಿಗೆ ಕೊಟ್ಟವರು ಎಸ್‌ಟಿಡಿ ಮಾಡಿ ‘ಉಂಡ್ಯೇನವ್ವಾ’ ಅಂತ ಕೇಳಬೇಕಿತ್ತು. ಅದಕ್ಕೇ ಎಲ್ಲರೂ ರಾತ್ರಿ ಹನ್ನೊಂದಕ್ಕೆ ಕಾಯುತ್ತಿದ್ದರು, ಆಮೇಲೆ ಕಾಲು ದರ. ನಮ್ಮ ಮೋಡೆಮೂ ಕೂತಿರುತ್ತಿದ್ದದ್ದು ಅದೇ ಸರತಿಯಲ್ಲಿ.

ಆ ಹೊತ್ತಿನ ಅಂಗಡಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಶಟರ್ ಅರ್ಧ ಇಳಿದಿದೆ. ಒಳಗೆ ಬೆಲ್ಲದ ಪೆಂಟಿಗಳ ವಾಸನೆ, ಮೆಣಸಿನಕಾಯಿಯ ಘಾಟು. ಮೂಗು ಒರೆಸಿಕೊಳ್ಳುತ್ತಲೇ ಟೈಪು ಮಾಡಬೇಕು. ಹೈಪರ್‌ಟರ್ಮಿನಲ್ ತೆರೆದು ಎಟಿ ಎಂದು ಒತ್ತಿದರೆ ಓಕೆ ಎಂದು ಬರುತ್ತದೆ. ಚೀಟಿ ನೋಡಿ ಪೂರಾ ಸಾಲು ಒತ್ತಿ ಎಂಟರ್. ಟೋನು, ಸ್ವರಗಳ ಸರ, ನಿಶ್ಶಬ್ದ, ದೂರದ ರಿಂಗು. ಕೊಲ್ಹಾಪುರದಲ್ಲಿ ಎಸ್0=1 ಎಂದು ಹಾಕಿಟ್ಟಿದ್ದರು, ಅಂದರೆ ಒಂದು ರಿಂಗಿಗೆ ಮೋಡೆಮೇ ಎತ್ತಬೇಕು. ಅಲ್ಲಿಂದ ಒಂದು ಉದ್ದನೆಯ ಶಿಳ್ಳೆ, ಇಲ್ಲಿಂದ ಉತ್ತರ, ಆಮೇಲೆ ಎರಡೂ ಕೂಡಿ ಮಳೆ ಸುರಿದಂಥ ಸದ್ದು. ಆ ಸದ್ದಿನಲ್ಲಿ ಎರಡು ಡಬ್ಬಿಗಳು ತಂತಿ ಎಷ್ಟು ಚೆನ್ನಾಗಿದೆ, ಎಲ್ಲಿ ಗೊರಗೊರ ಇದೆ, ಎಷ್ಟು ಜೋರಾಗಿ ಓಡಬಹುದು ಎಂದು ಚೌಕಾಶಿ ಮಾಡುತ್ತಿರುತ್ತವೆ. ಒಳ್ಳೆಯ ರಾತ್ರಿ ಕನೆಕ್ಟ್ 28800. ಸಾಮಾನ್ಯ ರಾತ್ರಿ 14400. ತಂತಿಯ ಜೋಡಣೆಗಳಲ್ಲಿ ನೀರು ಹೊಕ್ಕ ಆಷಾಢದಲ್ಲಿ 4800 ಬಂದರೂ ಕಾಕಾ ಕೈಮುಗಿಯುತ್ತಿದ್ದರು.

‘ಹತ್ತಿತೇನೋ ತಮ್ಮಾ?’

‘ಹತ್ತವಲ್ದು ಕಾಕಾ. ಇನ್ನೊಮ್ಮೆ ನೋಡ್ತೀನಿ.’

ಇನ್ನೊಮ್ಮೆ ನೋಡಲು ಪೂರಾ ಸಾಲು ಬೇಡ. ಎ ಮತ್ತು ಒಂದು ಓರೆ ಗೆರೆ ಒತ್ತಿದರೆ ಸಾಕು, ಹಿಂದಿನ ಆಜ್ಞೆಯನ್ನೇ ತಿರುಗಿ ಮಾಡುತ್ತದೆ. ಎಂಟರ್ ಕೂಡ ಬೇಡ. ಇಡೀ ಭಾಷೆಯಲ್ಲಿ ಎಟಿ ಇಲ್ಲದೆ ಕೇಳುವ ಒಂದೆರಡೇ ಆಜ್ಞೆಗಳಲ್ಲಿ ಅದೊಂದು. ಫೋನು ಹತ್ತದ ಊರಿನವರಿಗಾಗಿಯೇ ಮಾಡಿದಂತಿತ್ತು.

ಆ ಎಸ್0=1ರಿಂದ ಒಂದು ಎಡವಟ್ಟೂ ಆಯಿತು. ಬೀಗರ ಅಂಗಡಿಯವರು ಬೆಳಿಗ್ಗೆ ಮೋಡೆಮ್ ಆರಿಸುವುದನ್ನು ಮರೆತರು. ದಿನವಿಡೀ ಫೋನು ಮಾಡಿದ ಗಿರಾಕಿಗಳ ಕಿವಿಗೆಲ್ಲ ಶಿಳ್ಳೆ. ಒಬ್ಬರು ಟ್ರಕ್ಕು ತುಂಬ ಬೆಲ್ಲ ಇಟ್ಟುಕೊಂಡು ದರ ಕೇಳಲು ಮೂರು ಸಲ ಹಚ್ಚಿ, ಮೂರೂ ಸಲ ಬೈಸಿಕೊಂಡಂತಾಗಿ, ಪಕ್ಕದ ಅಂಗಡಿಗೆ ಮಾಲು ಹಾಕಿದರು. ಮರುದಿನದಿಂದ ಅಲ್ಲಿಯೂ ಕಂಪ್ಯೂಟರಿನ ಹಣೆಗೆ ಒಂದು ಚೀಟಿ ಬಂತು: ಎಟಿಎಸ್0=0, ಬೆಳಿಗ್ಗೆ ಎಂಟಕ್ಕೆ.

ಇಷ್ಟೆಲ್ಲ ನಡೆದದ್ದು ಇಂಟರ್ನೆಟ್ ಇಲ್ಲದೆ, ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ನೇರವಾಗಿ. ಇಂಟರ್ನೆಟ್ ಆಗ ದೊಡ್ಡ ಊರಿನವರ ಸೊತ್ತು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಮುಂಬಯಿ, ದಿಲ್ಲಿ, ಕಲ್ಕತ್ತಾ, ಮದ್ರಾಸುಗಳಲ್ಲಿ ಅದನ್ನು ಜನರಿಗೆ ತೆರೆಯಿತು. ವಿದ್ಯಾರ್ಥಿಗಳಿಗೆ 500 ರೂಪಾಯಿ, ಆದರೆ ಬರೀ ಅಕ್ಷರ ಕಾಣುವ ಶೆಲ್ ಖಾತೆ. ಚಿತ್ರವೂ ಕಾಣಬೇಕಾದರೆ 15,000. ಅದಕ್ಕೂ ಹಿಂದಿನ ವರ್ಷ ಸ್ವಂತ ಮೋಡೆಮ್ ಇಟ್ಟುಕೊಂಡು ಹವ್ಯಾಸಕ್ಕೆ ಬುಲೆಟಿನ್ ಬೋರ್ಡು ನಡೆಸುವವರಿಂದಲೂ ವರ್ಷಕ್ಕೆ ಲಕ್ಷಗಟ್ಟಲೆ ಪರವಾನಗಿ ಶುಲ್ಕ ಕೇಳಲಾಗಿತ್ತು. ತಂತಿಯ ಮೇಲೆ ಏನು ಹರಿಯಬೇಕು ಎಂಬುದನ್ನು ಇನ್ನೂ 1885ರ ಟೆಲಿಗ್ರಾಫ್ ಕಾಯ್ದೆಯೇ ಹೇಳುತ್ತಿದ್ದ ಕಾಲ. ಊರಿನಲ್ಲಿ ನೋಡ್, ಅಂದರೆ ಇಂಟರ್ನೆಟ್ಟಿಗೆ ಹತ್ತುವ ಠಾಣೆ, ಇಲ್ಲದವರು ಅದು ಇರುವ ಊರಿಗೆ ಎಸ್‌ಟಿಡಿ ಮಾಡಿ ಇಂಟರ್ನೆಟ್ ನೋಡಬೇಕಿತ್ತು, ಅದೂ ನಿಮಿಷ ಎಣಿಸುತ್ತ. ಅಂಥ ಕಾಲದಲ್ಲೇ, 1996ರ ಡಿಸೆಂಬರಿನಲ್ಲಿ, ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಬಂತು, ಕನ್ನಡದ ಮೊದಲ ಅಂತರಜಾಲ ಪತ್ರಿಕೆ. ನಾನು ಅದನ್ನು ಮೊದಲು ನೋಡಿದ್ದು ಎರಡು ವರ್ಷ ತಡವಾಗಿ, ಇಚಲಕರಂಜಿಯ ಗೆಳೆಯನ ಮನೆಯಲ್ಲಿ. ಕನ್ನಡದ ಒಂದು ಪುಟ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಇಳಿದುಬರುವಷ್ಟರಲ್ಲಿ ಅವನ ತಾಯಿ ಎರಡು ರೊಟ್ಟಿ ಬಡಿದು ಬೇಯಿಸಿದ್ದರು.

ಆ ಮನೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಇಚಲಕರಂಜಿಗೆ ವಿಠ್ಠಲರಾವ್ ದಾತಾರ್ ಮೊದಲ ಪವರ್‌ಲೂಮ್ ತಂದದ್ದು 1904ರಲ್ಲಿ, ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ್ ಘೋರ್ಪಡೆ ಅವರ ಆಸರೆಯಲ್ಲಿ. ಈಗ ಅದು ಮಗ್ಗದ ಸದ್ದಿಲ್ಲದೆ ನಿದ್ದೆ ಬಾರದ ಊರು. ಅಲ್ಲಿನ ದೇವಾಂಗರ ಓಣಿಗಳಲ್ಲಿ ಕನ್ನಡ ಇಂದಿಗೂ ಮನೆಮಾತು. ಗೆಳೆಯನ ಅಪ್ಪ ಡಾಬಿ ಮಗ್ಗ ಹೊಡೆಸುತ್ತಿದ್ದವರು. ಡಾಬಿ ಅಂದರೆ ಮಗ್ಗದ ನೆತ್ತಿಯ ಮೇಲೆ ಸುತ್ತುವ ಕಟ್ಟಿಗೆಯ ಪಟ್ಟಿಗಳ ಸರ. ಪಟ್ಟಿಯ ತೂತುಗಳಲ್ಲಿ ಗೂಟ ಇದ್ದರೆ ಆ ಚೌಕಟ್ಟಿನ ಎಳೆಗಳು ಮೇಲೆ ಏಳುತ್ತವೆ, ಇಲ್ಲದಿದ್ದರೆ ಕೆಳಗೇ ಉಳಿಯುತ್ತವೆ. ಅಂಚಿನ ಚಿತ್ತಾರ ಬದಲಿಸಬೇಕಾದರೆ ಗೂಟ ಬದಲಿಸಿದರಾಯಿತು. ನಾವು ಎಸ್0, ಎಸ್7, ಎಸ್10 ಎಂದು ಮನೆಗಳಿಗೆ ಅಂಕಿ ತುಂಬುವುದನ್ನು ಅವರು ಬೆನ್ನ ಹಿಂದೆ ನಿಂತು ಒಂದಷ್ಟು ಹೊತ್ತು ನೋಡಿದರು. ‘ಇದೂ ಡಾಬಿನ ಅಲ್ಲೇನೋ?’ ಅಂದರು. ‘ಗೂಟ ತಪ್ಪಿದ್ರ ಅರಿವಿ ಕೆಡ್ತದ. ನಿಮ್ಮದು ಏನ ಕೆಡ್ತದ?’ ಫೋನಿನ ಬಿಲ್ಲು ಅಂದೆವು.

ಎಸ್10 ಅಂದರೆ ಅತ್ತ ಕಡೆಯ ದನಿ ನಿಂತರೆ ಎಷ್ಟು ಹೊತ್ತಿಗೆ ಕೈಬಿಡಬೇಕು ಎಂಬುದು, ಸೆಕೆಂಡಿನ ಹತ್ತನೇ ಭಾಗಗಳ ಲೆಕ್ಕದಲ್ಲಿ. ಮಗ್ಗಗಳ ಮೋಟಾರು ಚಾಲೂ ಆದಾಗಲೆಲ್ಲ ತಂತಿಯಲ್ಲಿ ಪಟಪಟ ಹುಟ್ಟುವ ಊರಿನಲ್ಲಿ ಅದನ್ನು ನೂರಕ್ಕೆ ಏರಿಸದೆ ಗತಿಯಿರಲಿಲ್ಲ. ಇನ್ನೊಂದು ಮೂರು ಕೂಡುಚಿಹ್ನೆಗಳ ಆಜ್ಞೆ. ಮಾತು ನಡೆಯುತ್ತಿರುವಾಗ ಬರೆದದ್ದೆಲ್ಲ ಅತ್ತ ಹೋಗುತ್ತದೆ. ನಡುವೆ ಮೋಡೆಮಿಗೇ ಏನಾದರೂ ಹೇಳಬೇಕಾದರೆ? ಒಂದು ಸೆಕೆಂಡು ಸುಮ್ಮನಿರು, +++ ಒತ್ತು, ಮತ್ತೆ ಒಂದು ಸೆಕೆಂಡು ಸುಮ್ಮನಿರು. ಆಗ ಅದು ಕಿವಿ ಇತ್ತ ತಿರುಗಿಸುತ್ತದೆ. ಚಿಹ್ನೆಗಿಂತ ಅದರ ಎರಡೂ ಬದಿಯ ಮೌನ ಮುಖ್ಯ. ಹೆದರಿಂಗ್ಟನ್ ಅವರ ಈ ಉಪಾಯಕ್ಕೆ 1985ರಲ್ಲಿ ಪೇಟೆಂಟ್ ಸಿಕ್ಕಿತು. ಮೌನಕ್ಕೆ ಪೇಟೆಂಟ್! ಅದಕ್ಕೆ ಕಾಸು ಕೊಡಲೊಲ್ಲದ ಬೇರೆ ತಯಾರಕರು ಮೌನವನ್ನು ಬಿಟ್ಟು ಬರೀ ಚಿಹ್ನೆ ಇಟ್ಟುಕೊಂಡರು. ಅಂಥ ಡಬ್ಬಿಗಳಲ್ಲಿ ನಾವು ಕಳಿಸುವ ಪತ್ರದೊಳಗೆ +++ಎಟಿಎಚ್ ಎಂಬ ಅಕ್ಷರಗಳಿದ್ದರೆ ಸಾಕು, ಫೋನು ತಾನೇ ಇಟ್ಟುಬಿಡುತ್ತಿತ್ತು. ಮೌನ ಪಾಲಿಸಿದ ಹೇಯ್ಸ್ ಕಂಪನಿಯೂ 1999ರಲ್ಲಿ ಮುಳುಗಿತು, ಅದು ಬೇರೆ ಮಾತು.

ಕೊಲ್ಹಾಪುರದ ಉತ್ತರಕ್ಕೆ ವಾರಣಾ ನದಿಯ ದಂಡೆಯಲ್ಲಿ ಇದೇ ಹೊತ್ತಿಗೆ ದೊಡ್ಡದೊಂದು ಪ್ರಯೋಗ ಶುರುವಾಗಿತ್ತು. ತಾತ್ಯಾಸಾಹೇಬ್ ಕೋರೆ 1950ರ ದಶಕದ ಕೊನೆಗೆ ಕಟ್ಟಿದ ಸಹಕಾರಿ ಸಕ್ಕರೆ ಕಾರ್ಖಾನೆ, ಅದರ ಸುತ್ತ ಬೆಳೆದ ಡೇರಿ, ಬಜಾರು, ಕಾಲೇಜುಗಳ ವಾರಣಾನಗರ. 1998ರಲ್ಲಿ ಕೇಂದ್ರ ಸರ್ಕಾರ ‘ವೈರ್ಡ್ ವಿಲೇಜ್’ ಎಂಬ ಯೋಜನೆಗೆ ಆರಿಸಿದ್ದು ಇದನ್ನು. ಕೊಲ್ಹಾಪುರ, ಸಾಂಗಲಿ ಜಿಲ್ಲೆಗಳ 70 ಹಳ್ಳಿಗಳು; ಖರ್ಚಿನಲ್ಲಿ ಅರ್ಧ ಕೇಂದ್ರದ್ದು, ನೂರಕ್ಕೆ 40 ರಾಜ್ಯದ್ದು, ಉಳಿದ 10 ಸಹಕಾರಿಗಳದು. ತಂತ್ರದ ಹೊಣೆ ಕೇಂದ್ರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯದು. ಹಳ್ಳಿಯ ಕಟ್ಟೆಯಲ್ಲಿ ಕಂಪ್ಯೂಟರು, ಮರಾಠಿಯಲ್ಲಿ ಮಾಹಿತಿ: ಬೆಳೆ, ದರ, ಆರೋಗ್ಯ, ಪಹಣಿ, ಉದ್ಯೋಗ. ದೇಶವಿದೇಶದ ಸಭೆಗಳಲ್ಲಿ ವಾರಣೆಯ ಹೆಸರು ಮೊಳಗಿತು.

ನಮ್ಮ ಅಂಗಡಿಗೆ ಬರುವ ಆ ಕಡೆಯ ಕಬ್ಬಿನವರು ಹೇಳುತ್ತಿದ್ದ ವಾರಣೆ ಇದಕ್ಕಿಂತ ಚಿಕ್ಕದು, ಮತ್ತು ನನ್ನ ಪ್ರಕಾರ ಅದೇ ಹೆಚ್ಚು ದೊಡ್ಡದು. ಕಬ್ಬಿನವನಿಗೆ ಬೇಕಾದದ್ದು ಮೂರು ಸಂಗತಿ: ನನ್ನ ಹೊಲದ ಕಟಾವು ಯಾವತ್ತು, ನನ್ನ ಗಾಡಿ ಎಷ್ಟು ಟನ್ ತೂಗಿತು, ದುಡ್ಡು ಎಂದು. ಇದನ್ನು ತಿಳಿಯಲು ಮುಂಚೆ ಕಾರ್ಖಾನೆಗೇ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು, ಒಂದು ದಿನದ ಕೂಲಿ ಹಾಳು. ಈಗ ಊರ ಕಟ್ಟೆಯಲ್ಲೇ ಚೀಟಿ ಪ್ರಿಂಟಾಗಿ ಬರತೊಡಗಿತು. ಜಗತ್ತಿನ ಜ್ಞಾನಭಂಡಾರ ಎಂದು ತಂದಿಟ್ಟ ಪೆಟ್ಟಿಗೆಯಿಂದ ಅವನು ತೆಗೆದುಕೊಂಡದ್ದು ಒಂದು ಸಾಲು, ತನ್ನ ಟನ್ನೇಜು. ಉಳಿದದ್ದೆಲ್ಲ ಧೂಳು ತಿಂದಿತು. ಯೋಜನೆಯ ಸೋಲು ಎಂದು ಇದನ್ನು ಬರೆದವರಿದ್ದಾರೆ. ಕಾಕಾ ಕೂಡ 33.6 ಕಿಲೋಬಿಟ್ಟಿನ ಮೋಡೆಮಿನಿಂದ ತರಿಸುತ್ತಿದ್ದದ್ದು ಒಂದು ಸಾಲನ್ನೇ: ಇವತ್ತು ಬೆಲ್ಲ ಕ್ವಿಂಟಲ್ಲಿಗೆ ಎಷ್ಟು. ಅದನ್ನು ಸೋಲು ಅನ್ನಲು ನನಗೆ ಬಾಯಿ ಬಾರದು.

ನಮ್ಮ ಮೋಡೆಮ್ ಸತ್ತದ್ದು 2001ರ ಏಪ್ರಿಲ್ ಕೊನೆಯ ಗುಡುಗುಮಳೆಗೆ. ಅದು ಆ ಅಂಗಡಿಯ ಮೂರನೆಯ ಮೋಡೆಮ್. ಸಿಡಿಲು ಊರ ಹೊರಗಿನ ತೆಂಗಿಗೆ ಹೊಡೆದರೂ ತಂತಿ ಹಿಡಿದು ಬಂದು ಡಬ್ಬಿಯ ಹೊಟ್ಟೆ ಸುಡುತ್ತಿತ್ತು. ಮೋಡ ಕಟ್ಟಿದರೆ ಫೋನಿನ ತಂತಿ ಕೀಳಬೇಕೆಂಬುದು ನಿಯಮ, ಹಪ್ಪಳ ಒಳಗೆ ತರುವ ಹಾಗೆ. ಅವತ್ತು ಎಲ್ಲರೂ ಮದುವೆಗೆ ಹೋಗಿದ್ದರು. ನಾಲ್ಕನೆಯದು ತರುವಷ್ಟರಲ್ಲಿ ಕಾಕಾರ ಕಿಸೆಯಲ್ಲಿ ಮೊಬೈಲ್ ಇತ್ತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಆರಂಭಿಸಿದ ಮೇಲೆ ಒಂದೊಂದೇ ಊರಿನಲ್ಲಿ ಆ ಶಿಳ್ಳೆ ನಿಂತಿತು.

ವಾರಣೆಯಲ್ಲೂ ಹಾಗೇ. ಅಲ್ಲಿಗೆ ಮೈಕ್ರೋಸಾಫ್ಟ್‌ನ ಬೆಂಗಳೂರಿನ ಸಂಶೋಧನಾ ಕೇಂದ್ರದವರು ಬಂದು ಏಳು ಹಳ್ಳಿಗಳಲ್ಲಿ ಎಂಟು ತಿಂಗಳು ‘ವಾರಣಾ ಅನ್‌ವೈರ್ಡ್’ ಎಂದು ನಡೆಸಿ ನೋಡಿದರು. ಕಂಪ್ಯೂಟರು ತೆಗೆದರು, ಮೊಬೈಲಿನ ಎಸ್‌ಎಂಎಸ್ ಇಟ್ಟರು. ಹಳೆಯ ಪೆಟ್ಟಿಗೆ ಮಾಡುತ್ತಿದ್ದ ಎಲ್ಲ ಕೆಲಸ ಅದರಲ್ಲೇ ಆಯಿತು, ಅಗ್ಗವೂ ಆಯಿತು, ರೈತರಿಗೆ ಹಿಡಿಸಿತು ಕೂಡ. ರಾಜೇಶ್ ವೀರರಾಘವನ್, ನಾಗ ಯಶೋಧರ್, ಕೆಂಟಾರೋ ಟೊಯಾಮಾ ಬರೆದ ಆ ಪ್ರಯೋಗದ ವರದಿ 2009ರಲ್ಲಿ ಪ್ರಕಟವಾಯಿತು. ಒಂದು ಸಾಲಿನ ಮಾತಿಗೆ ಒಂದು ಸಾಲಿನ ಯಂತ್ರ ಸಿಕ್ಕಿತ್ತು.

ಮೊಬೈಲಿನೊಳಗೂ ಒಂದು ಮೋಡೆಮ್ ಇದೆ. ಯುರೋಪಿನವರು ಜಿಎಸ್‌ಎಂ ರೂಪಿಸುವಾಗ ಅದರ ಜೊತೆ ಕಂಪ್ಯೂಟರು ಯಾವ ಭಾಷೆಯಲ್ಲಿ ಮಾತಾಡಬೇಕು ಎಂಬ ಪ್ರಶ್ನೆ ಬಂದಾಗ ಹೊಸದು ಹುಡುಕಲಿಲ್ಲ. ಹಳೆಯ ಎಟಿಯನ್ನೇ ಇಟ್ಟು ಮುಂದೆ ಒಂದು ಕೂಡುಚಿಹ್ನೆ ಸೇರಿಸಿದರು. ಎಟಿ+ಸಿಎಂಜಿಎಸ್ ಅಂದರೆ ಸಂದೇಶ ಕಳಿಸು. ಇದನ್ನು ನಾನು ಪುಸ್ತಕದಲ್ಲಿ ಓದಿ ಮರೆತಿದ್ದೆ.

ಕಳೆದ ಬೇಸಗೆಯಲ್ಲಿ ಊರಿಗೆ ಹೋದಾಗ ಹಿರಣ್ಯಕೇಶಿಯ ದಂಡೆಯಲ್ಲಿ ಕಾಕಾರ ಕಬ್ಬಿನ ಪಂಪಿನ ಮೊಬೈಲ್ ಸ್ಟಾರ್ಟರು ಕೆಟ್ಟಿತ್ತು. ಥ್ರೀ ಫೇಸ್ ಕರೆಂಟು ಬರುವುದು ರಾತ್ರಿ ಪಾಳಿ. ಮನೆಯಿಂದ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟಾರು ಚಾಲೂ ಆಗಬೇಕು, ಆಗುತ್ತಿಲ್ಲ. ಸಂಕೇಶ್ವರದಿಂದ ಬಂದ ಮೆಕ್ಯಾನಿಕ್ ಹುಡುಗ ಡಬ್ಬಿ ಬಿಚ್ಚಿ, ಹೆಬ್ಬೆರಳಗಲದ ಹಸಿರು ಹಲಗೆಗೆ ತಂತಿ ಸಿಕ್ಕಿಸಿ, ಲ್ಯಾಪ್‌ಟಾಪು ಮೊಳಕಾಲ ಮೇಲಿಟ್ಟುಕೊಂಡ. ಕಪ್ಪು ಪರದೆಯ ಮೇಲೆ ಎಟಿ ಎಂದು ಒತ್ತಿದ, ಎರಡೂ ದೊಡ್ಡಕ್ಷರ. ಓಕೆ ಎಂದು ಬಂತು. ‘ಸಿಮ್ಮಿನ ಕಾಲಿಗೆ ತುಕ್ಕರೀ’ ಎಂದು ಕಿತ್ತು, ಅಂಗಿಯ ತುದಿಗೆ ಉಜ್ಜಿ, ಮತ್ತೆ ಕೂರಿಸಿದ. ‘ಈಗ ಹಚ್ರಿ.’

ನಾನು ಹಚ್ಚಿದೆ. ಪರದೆಯ ಮೇಲೆ ರಿಂಗ್ ಎಂದು ಮೂಡಿತು, ಕೆಳಗೆ ನನ್ನ ನಂಬರು. ಡಬ್ಬಿ ತಾನೇ ಎಟಿಎಚ್ ಎಂದು ಬರೆದು ನನ್ನ ಕರೆಯನ್ನು ಇಟ್ಟುಬಿಟ್ಟಿತು. ಹಿಂದಿನಿಂದ ಸ್ಟಾರ್ಟರು ಧಡ್ ಎಂದು ಕೂತ ಸದ್ದು.

‘ಹತ್ತಿತೇನೋ ತಮ್ಮಾ?’ ಬದುವಿನ ಆಚೆಯಿಂದ ಕಾಕಾ. ಎಂಬತ್ತರ ಹತ್ತಿರ ಈಗ, ದನಿ ಅದೇ. ಟಾರ್ಚನ್ನು ಕಾಲುವೆಯ ಬಾಯಿಗೆ ಹಿಡಿದು ನಿಂತಿದ್ದರು. ನೀರು ಇನ್ನೂ ಬಂದಿರಲಿಲ್ಲ, ಪೈಪು ಉದ್ದದ್ದು.